ಚಾವುಂಡರಾಯರು: ರಣರಂಗದಿಂದ ವಿಂಧ್ಯಗಿರಿಗೆ

ಶ್ರವಣಬೆಳಗೊಳದ ಭಗವಾನ್ ಬಾಹುಬಲಿ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯರು ಹತ್ತನೇ ಶತಮಾನದವರು. ಗಂಗ ದೊರೆಗಳಾದ ಇಮ್ಮಡಿ ಮಾರಸಿಂಹ ಮತ್ತು ನಾಲ್ವಡಿ ರಾಚಮಲ್ಲರಿಗೆ ಮಂತ್ರಿಯೂ ಸೇನಾಪತಿಯೂ ಆಗಿದ್ದರು. ಇಂದಿನ ಬೇಗೂರು, ತಲಘಟ್ಟಪುರದ ಸೀಮೆಯೂ ಆಗ ಗಂಗವಾಡಿಗೆ ಸೇರಿತ್ತು. ತಾಯಿ ಕಾಳಲಾದೇವಿ. ಗುರುಗಳು ಅಜಿತಸೇನಾಚಾರ್ಯರು ಮತ್ತು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು.

ಅವರ ವೃತ್ತಿ ಯುದ್ಧ. ಗೋನೂರಿನಲ್ಲಿ ನೊಳಂಬರ ವಿರುದ್ಧ ಹೋರಾಡಿ ವೀರಮಾರ್ತಂಡ ಎನಿಸಿದರು. ಉಚ್ಚಂಗಿ ಕೋಟೆಯಲ್ಲಿ ರಾಜಾದಿತ್ಯನ ವಿರುದ್ಧ ಹೋರಾಡಿ ರಣರಂಗಸಿಂಗ ಎನಿಸಿದರು. ತಮ್ಮ ನಾಗವರ್ಮನನ್ನು ಕೊಂದವನನ್ನು ತಾವೇ ಕೊಂದು ಸೇಡು ತೀರಿಸಿಕೊಂಡರು. ಸಮರಪರಶುರಾಮ ಎಂಬ ಬಿರುದೂ ಅವರಿಗಿತ್ತು.

ಸತ್ಯಯುಧಿಷ್ಠಿರ, ಸಮ್ಯಕ್ತ್ವರತ್ನಾಕರ ಎಂದು ಜನ ಕರೆದದ್ದೂ ಇವರನ್ನೇ. ಕವಿ ರನ್ನನಿಗೆ ಆಶ್ರಯ ಕೊಟ್ಟರು. ಕ್ರಿ.ಶ. 978ರಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಕನ್ನಡ ಗದ್ಯದಲ್ಲಿ ಬರೆದರು. ನೇಮಿಚಂದ್ರರ ಗೊಮ್ಮಟಸಾರಕ್ಕೆ ಆ ಹೆಸರು ಬಂದದ್ದು ಗೊಮ್ಮಟನೆಂದೂ ಕರೆಸಿಕೊಂಡಿದ್ದ ಇವರಿಂದಲೇ.

ಒಬ್ಬರಲ್ಲೇ ಸೇಡೂ ಔದಾರ್ಯವೂ ಹೇಗೆ? ನಮ್ಮ ಧರ್ಮದಲ್ಲಿ ಇದಕ್ಕೆ ಉತ್ತರವಿದೆ. ಕ್ರೋಧ, ಮಾನ, ಮಾಯೆ, ಲೋಭ ಎಂಬ ಕಷಾಯಗಳು ಜೀವವನ್ನು ಕಲಹಕ್ಕೆ ಎಳೆಯುತ್ತವೆ. ಆದರೆ ಒಂದು ಜೀವ ಇನ್ನೊಂದಕ್ಕೆ ನೆರವಾಗುವುದು ಜೀವಿಗಳ ಸಹಜ ಧರ್ಮ ಎನ್ನುತ್ತದೆ ತತ್ತ್ವಾರ್ಥಸೂತ್ರ. ಕಷಾಯ ತಗ್ಗಿದಷ್ಟೂ ಮೈತ್ರಿ ಹೆಚ್ಚುತ್ತದೆ.

ಸುಮಾರು ಕ್ರಿ.ಶ. 981ರಲ್ಲಿ ವಿಂಧ್ಯಗಿರಿಯ ಒಂದೇ ಬಂಡೆಯಲ್ಲಿ ಸುಮಾರು 58 ಅಡಿಯ ಮೂರ್ತಿ ಎದ್ದಿತು. ಅದು ಗೆದ್ದ ರಾಜ್ಯವನ್ನು ಬಿಟ್ಟುಕೊಟ್ಟವನ ಮೂರ್ತಿ. ಭರತ, ಬಾಹುಬಲಿ ಎದುರಾದಾಗ ಸೈನಿಕರ ರಕ್ತ ಹರಿಯಬಾರದೆಂದು ಮಂತ್ರಿಗಳು ತಡೆದರು. ಅಣ್ಣತಮ್ಮಂದಿರಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಿದರು. ಗೆದ್ದ ಬಾಹುಬಲಿ ಅಣ್ಣನನ್ನು ಕೆಳಗಿಳಿಸಿ ತಪಸ್ಸಿಗೆ ಹೋದನು. ರಣರಂಗವನ್ನು ಕಂಡಿದ್ದ ಸೇನಾಪತಿ ಪೂಜೆಗೆ ನಿಲ್ಲಿಸಿದ್ದು ಈ ತ್ಯಾಗಿಯನ್ನು.

ಮಸ್ತಕಾಭಿಷೇಕದ ದಿನ ಚಾವುಂಡರಾಯರಿಗೆ ಇಷ್ಟು ದೊಡ್ಡ ಕೆಲಸ ಮಾಡಿದೆನೆಂಬ ಗರ್ವ ಬಂದಿತ್ತು ಎಂದು ಐತಿಹ್ಯ ಹೇಳುತ್ತದೆ. ಕೊಡಗಟ್ಟಲೆ ಹಾಲು ಸುರಿದರೂ ಅದು ಮೂರ್ತಿಯ ತೊಡೆಯಿಂದ ಕೆಳಗಿಳಿಯಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಒಂದಿಷ್ಟು ಹಾಲು ಪಾದದವರೆಗೂ ಹರಿಯಿತು. ಚಾವುಂಡರಾಯರ ಮಾನಕಷಾಯ ಅಲ್ಲಿ ಕರಗಿತು.

ಗುಳ್ಳಕಾಯಜ್ಜಿಯ ಮೂರ್ತಿ ಇಂದಿಗೂ ಬಾಹುಬಲಿಯ ಎದುರಿಗಿದೆ. ದರ್ಶನಕ್ಕೆ ಹೋದವರು ಮಕ್ಕಳಿಗೆ ಅದನ್ನೂ ತಪ್ಪದೆ ತೋರಿಸಬೇಕು.