ಹೆಸರು ಕಳೆದುಕೊಂಡವರ ಪೆಟ್ಟಿಗೆಗಳು: ರಾಬರ್ಟ್ ಮೋಗ್ ಬಾಳಿನ ಉತ್ತರಾರ್ಧ

ಎಲೆಕ್ಟ್ರಾನಿಕ್ ಸಂಗೀತದ ಲೋಕದಲ್ಲಿ ರಾಬರ್ಟ್ ಮೋಗ್ ಅವರ ಹೆಸರನ್ನು ಅರಿಯದವರು ವಿರಳ. ಆಂಗ್ಲ ಕಾಗುಣಿತವನ್ನು ಕಂಡು ಮೂಗ್ ಎಂದು ಓದುವವರೇ ಹೆಚ್ಚು. ಅದು ಕನ್ನಡಿಗರ ಕಿವಿಗೆ ಮುಖದ ಅವಯವವೊಂದನ್ನು ನೆನಪಿಸುವುದೂ ಉಂಟು. ಅವರು ಮಾತ್ರ ಮೋಗ್ ಎಂದೇ ಉಚ್ಚರಿಸುತ್ತಿದ್ದರು. ಸಿಂಥಸೈಜರ್‌ನ ಜನಕರೆಂಬ ಕೀರ್ತಿ ಅವರಿಗೆ ಸಂದಿದೆ. ಆದರೆ ತಾವು ಕಟ್ಟಿದ ಕಂಪನಿಯನ್ನೂ ಅದರ ಹೆಸರನ್ನೂ ಕಳೆದುಕೊಂಡ ಈ ವಿಜ್ಞಾನಿ, ಅಂಗೈಯಗಲದ ನಾಲ್ಕಾರು ನಾಬ್‌ಗಳಿದ್ದ ಸಣ್ಣ ಪೆಟ್ಟಿಗೆಗಳ ಮೂಲಕ ಮರಳಿ ತಲೆಯೆತ್ತಿದ ಕಥೆ ಅಷ್ಟಾಗಿ ಪ್ರಚಾರ ಪಡೆದಿಲ್ಲ. ಕಾಟಿಪಳ್ಳ, ಸುರತ್ಕಲ್ ಕಡೆಯ ರಸಮಂಜರಿ ವೇದಿಕೆಗೆ ಕೀಬೋರ್ಡ್ ಹೊತ್ತೊಯ್ಯುವ ಕಲಾವಿದನಿರಲಿ, ಬೆಂಗಳೂರಿನ ಸ್ಟುಡಿಯೋದಲ್ಲಿ ಕುಳಿತ ಸಂಗೀತ ಸಂಯೋಜಕನಿರಲಿ, ವಾದ್ಯದ ದನಿಗೆ ಮೆರುಗು ಕೊಡುವ ಎಫೆಕ್ಟ್ಸ್ ಪೆಟ್ಟಿಗೆಯನ್ನು ಆರಿಸಲು ಹೊರಟವರಿಗೆ ಆ ಕಥೆಯೇ ಹೆಚ್ಚು ಉಪಯುಕ್ತ.

ಮೋಗ್ ಜನಿಸಿದ್ದು 1934ರ ಮೇ 23ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಎಂಜಿನಿಯರ್. ತಾಯಿಗೆ ಮಗ ಪಿಯಾನೋ ವಾದಕನಾಗಬೇಕೆಂಬ ಹಂಬಲ. ಬಾಲಕನ ಮನಸ್ಸು ಮಾತ್ರ ತಂದೆಯ ಬೆಸುಗೆ ಕಡ್ಡಿಯತ್ತ ವಾಲಿತು. ಮುಟ್ಟದೆಯೇ, ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ಥೆರೆಮಿನ್ ಎಂಬ ವಾದ್ಯವನ್ನು ಹದಿಹರೆಯದಲ್ಲೇ ಕಟ್ಟಿದ ಅವರು, ಮುಂದೆ ತಂದೆಯೊಡನೆ ಸೇರಿ ಅದರ ಮಾರಾಟಕ್ಕೂ ಇಳಿದರು. ಭೌತಶಾಸ್ತ್ರ, ವಿದ್ಯುತ್ ಎಂಜಿನಿಯರಿಂಗ್‌ಗಳನ್ನು ಓದಿ, 1965ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು.

ಅಷ್ಟರಲ್ಲಾಗಲೇ, 1964ರಲ್ಲಿ, ಸಂಗೀತ ಸಂಯೋಜಕ ಹರ್ಬರ್ಟ್ ಡಾಯ್ಚ್ ಅವರ ಒಡನಾಟದಲ್ಲಿ ಅವರ ಮೊದಲ ಸಿಂಥಸೈಜರ್ ಸಿದ್ಧವಾಗಿತ್ತು. ಅದರ ಮೂಲ ತತ್ತ್ವ ಸರಳ. ವಾದ್ಯದ ಪ್ರತಿಯೊಂದು ಭಾಗವನ್ನೂ ವಿದ್ಯುತ್ತಿನ ವೋಲ್ಟೇಜ್ ಆಳುತ್ತದೆ. ಒಂದು ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿಯಷ್ಟು ಮೇಲೇರುತ್ತದೆ. ಕೈ ಮಾಡಬಹುದಾದ ಕೆಲಸವನ್ನು ಇನ್ನೊಂದು ಯಂತ್ರಭಾಗವೂ ಮಾಡಬಲ್ಲದು ಎಂಬುದೇ ಇದರ ಸ್ವಾರಸ್ಯ. 1968ರಲ್ಲಿ ವೆಂಡಿ ಕಾರ್ಲೋಸ್ ಈ ಯಂತ್ರದಲ್ಲಿ ಬಾಖ್‌ನ ಕೃತಿಗಳನ್ನು ನುಡಿಸಿ ಹೊರತಂದ ಧ್ವನಿಮುದ್ರಿಕೆ ಮೋಗ್ ಅವರ ಹೆಸರನ್ನು ಮನೆಮಾತಾಗಿಸಿತು. ಮರುವರ್ಷವೇ ಭಾರತಕ್ಕೂ ಈ ಯಂತ್ರ ಕಾಲಿಟ್ಟಿತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಸ್ಥಾಪನೆಯಾಯಿತು. ಅದರ ಜೀವಾಳ ಮೋಗ್ ಸಿಂಥಸೈಜರ್.

ಕೀರ್ತಿ ಬಂದಷ್ಟು ವೇಗವಾಗಿ ಹಣ ಬರಲಿಲ್ಲ. ಸಾಲದ ಹೊರೆ ತಾಳಲಾರದೆ 1971ರಲ್ಲಿ ಕಂಪನಿ ಪರರ ಪಾಲಾಯಿತು. ಮೋಗ್ ಅಲ್ಲಿಯೇ ನೌಕರರಾಗಿ ಉಳಿದು, 1977ರಲ್ಲಿ ಹೊರಬಂದರು. ವಾದ್ಯಗಳ ಮೇಲಿದ್ದ ಮನೆತನದ ಹೆಸರು ಮಾತ್ರ ಅಲ್ಲಿಯೇ ಉಳಿಯಿತು. ನಾರ್ತ್ ಕೆರೊಲಿನಾದ ಆಶ್ವಿಲ್ ಪ್ರದೇಶಕ್ಕೆ ತೆರಳಿದ ಅವರು 1978ರಲ್ಲಿ ಬಿಗ್ ಬ್ರಯರ್ ಎಂಬ ಬೇರೊಂದು ಹೆಸರಿನಲ್ಲಿ ಪುಟ್ಟ ಕಾರ್ಯಾಗಾರ ತೆರೆದು, ಬಾಲ್ಯದ ಗೆಳೆಯ ಥೆರೆಮಿನ್‌ನ ಕಡೆಗೇ ಮರಳಿದರು.

ಅದೇ ಕಾರ್ಯಾಗಾರದಿಂದ 1998ರಲ್ಲಿ ಮೋಗರ್‌ಫೂಗರ್ ಪೆಟ್ಟಿಗೆಗಳು ಹೊರಬಂದವು. ಕಂಪನಿಗೆ ಸಿಗದ ಹೆಸರು ಪದಚಮತ್ಕಾರದ ಮರೆಯಲ್ಲಿ ಮಾದರಿಯ ಹೆಸರಿನೊಳಗೆ ನುಸುಳಿತ್ತು. ಹಳೆಯ ದೈತ್ಯ ಸಿಂಥಸೈಜರ್‌ನ ಒಂದೊಂದು ಅಂಗವನ್ನು ಬಿಡಿಸಿ ಒಂದೊಂದು ಪೆಟ್ಟಿಗೆಯಲ್ಲಿ ಇಟ್ಟಂತಿತ್ತು ಅವುಗಳ ರಚನೆ. ಒಂದರಲ್ಲಿ, ಟ್ರಾನ್ಸಿಸ್ಟರ್‌ಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದ, 1969ರಲ್ಲಿ ಪೇಟೆಂಟ್ ದೊರೆತ ಪ್ರಸಿದ್ಧ ಫಿಲ್ಟರ್. ಅದು ದನಿಯ ತಾರಾಂಶಗಳನ್ನು ಸೋಸಿ ಮಂದ್ರವನ್ನಷ್ಟೇ ಬಿಡುತ್ತದೆ. ಇನ್ನೊಂದರಲ್ಲಿ ರಿಂಗ್ ಮಾಡ್ಯುಲೇಟರ್: 440ರ ಕಂಪನಾಂಕಕ್ಕೆ 100ರದನ್ನು ಬೆರೆಸಿದರೆ ಎರಡೂ ಮಾಯವಾಗಿ, ಅವುಗಳ ಮೊತ್ತ 540 ಮತ್ತು ವ್ಯತ್ಯಾಸ 340 ಉಳಿಯುತ್ತವೆ. ಶ್ರುತಿಗೆ ಒಗ್ಗದ ಈ ಜೋಡಿಯೇ ಗಂಟೆಯ ನಾದದಂಥ ವಿಚಿತ್ರ ಅನುಭವ ಕೊಡುವುದು. ಬಳಿಕ ಬಂದ ಡಿಲೇ ಪೆಟ್ಟಿಗೆಯಲ್ಲಿ, ಬೆಂಕಿ ನಂದಿಸಲು ಸಾಲಾಗಿ ನಿಂತವರು ಕೊಡ ದಾಟಿಸುವಂತೆ ದನಿ ಒಂದು ಹಂತದಿಂದ ಮತ್ತೊಂದಕ್ಕೆ ಸಾಗುತ್ತಿತ್ತು. ದಾರಿ ದೀರ್ಘವಾದಷ್ಟೂ ಪ್ರತಿಧ್ವನಿ ಮಬ್ಬಾಗುತ್ತದೆ. ಶುದ್ಧತೆಯ ದೃಷ್ಟಿಯಿಂದ ಅದು ಕುಂದು. ಮೂಲ ರಾಗವನ್ನು ಮುಚ್ಚದೆ ಹಿಂದೆ ಸರಿದು ನಿಲ್ಲುವುದರಿಂದ ಸಂಗೀತಗಾರರಿಗೆ ಅದೇ ಅಚ್ಚುಮೆಚ್ಚು.

ಆಗಿನ ಮಾರುಕಟ್ಟೆಯಲ್ಲಿ ನೂರಾರು ಎಫೆಕ್ಟ್‌ಗಳನ್ನು ಒಂದೇ ಒಡಲಲ್ಲಿ ತುಂಬಿಕೊಂಡ ಡಿಜಿಟಲ್ ಯಂತ್ರಗಳಿಗೆ ಬರವಿರಲಿಲ್ಲ. ಒಂದೇ ಕೆಲಸದ ಪೆಟ್ಟಿಗೆಯನ್ನು ಮಾಡುವುದು ಬಾಹ್ಯನೋಟಕ್ಕೆ ಹಿಮ್ಮುಖ ಚಲನೆಯೇ ಸರಿ. ಆದರೆ ಮೋಗ್ ತಮ್ಮ ಪೆಟ್ಟಿಗೆಯ ಪ್ರಮುಖ ನಾಬ್‌ಗಳಿಗೆ ಹಿಂಬದಿಯಲ್ಲಿ ಪ್ರತ್ಯೇಕ ಕಿಂಡಿಗಳನ್ನಿಟ್ಟರು. ಅಲ್ಲಿಗೆ ಕಾಲಿನ ಪೆಡಲ್ ಸಿಕ್ಕಿಸಬಹುದು, ಸಿಂಥಸೈಜರ್‌ನ ವೋಲ್ಟೇಜನ್ನೂ ಕೊಡಬಹುದು. ಎಫೆಕ್ಟ್ ಎಂಬುದು ಕಡೆಯಲ್ಲಿ ಬಳಿಯುವ ಬಣ್ಣವಾಗದೆ ನುಡಿಸುವ ವಾದ್ಯವೇ ಆಯಿತು.

ಕೊಳ್ಳುವವರು ಗಮನಿಸಬೇಕಾದುದೂ ಇದನ್ನೇ. ಪೆಟ್ಟಿಗೆಯಲ್ಲಿ ಎಷ್ಟು ಬಗೆಯ ದನಿಗಳಿವೆ ಎಂಬುದಕ್ಕಿಂತ, ನುಡಿಸುತ್ತಿರುವಾಗ ಅದನ್ನು ಎಷ್ಟು ಸುಲಭವಾಗಿ ಹಿಡಿತದಲ್ಲಿಡಬಹುದು ಎಂಬುದು ಮುಖ್ಯ. ಗಿಟಾರ್‌ಗೆಂದು ಮಾಡಿದ ಪೆಡಲ್‌ಗಳಿಗೆ ಸಿಂಥಸೈಜರ್‌ನ ಪ್ರಬಲ ಸಂಕೇತ ಕೊಟ್ಟರೆ ದನಿ ಒಡೆಯುವ ಸಂಭವವುಂಟು. ಮೋಗ್ ಪೆಟ್ಟಿಗೆಗಳಲ್ಲಿ ಇದಕ್ಕೆಂದೇ ಮಟ್ಟ ಹೊಂದಿಸುವ ನಾಬ್ ಇತ್ತು. ಕೀಬೋರ್ಡಿನ ಎಡ ಬಲ ದನಿಗಳೆರಡೂ ಬೇಕೆಂದಾದರೆ ಪೆಟ್ಟಿಗೆ ಸ್ಟೀರಿಯೋ ಹೌದೇ ಎಂದು ವಿಚಾರಿಸಬೇಕು. ಜೋಡಣೆಯ ಕ್ರಮವೂ ಗೌಣವಲ್ಲ. ಫಿಲ್ಟರ್ ಮುಂದಿದ್ದು ಡಿಲೇ ಹಿಂದಿದ್ದರೆ, ಫಿಲ್ಟರ್ ಮುಚ್ಚಿದ ಮೇಲೂ ಪ್ರತಿಧ್ವನಿ ಮೊಳಗುತ್ತಲೇ ಇರುತ್ತದೆ. ತಿರುವುಮುರುವಾದರೆ ಪ್ರತಿಧ್ವನಿಯ ಬಾಲವೂ ಕತ್ತರಿಸಿ ಹೋಗುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಬಳಸಿದ ಹಳೆಯ ಪೆಟ್ಟಿಗೆಯಾದರೆ, ಪ್ರತಿ ನಾಬನ್ನೂ ತಿರುಗಿಸಿ ಕರಕರ ಸದ್ದಿಲ್ಲವೆಂದು ಖಚಿತಪಡಿಸಿಕೊಂಡೇ ಹಣ ಕೊಡುವುದು ಕ್ಷೇಮ.

ಕಾನೂನಿನ ಹೋರಾಟ ಮುಗಿದು 2002ರಲ್ಲಿ ಕಂಪನಿಗೆ ಮೋಗ್ ಎಂಬ ಹೆಸರು ಮರಳಿ ದಕ್ಕಿತು. ಅದೇ ವರ್ಷ ಅವರ ಮಿನಿಮೋಗ್ ವಾಯೇಜರ್ ಬಿಡುಗಡೆಗೊಂಡಿತು. ಹೆಸರಿನೊಡನೆ ಬಾಳುವ ಭಾಗ್ಯ ಮಾತ್ರ ಮೂರೇ ವರ್ಷಗಳದ್ದಾಯಿತು. ಮಿದುಳಿನ ಗೆಡ್ಡೆಯ ಕಾಯಿಲೆಯಿಂದ 2005ರ ಆಗಸ್ಟ್ 21ರಂದು, 71ನೆಯ ವಯಸ್ಸಿನಲ್ಲಿ, ಆಶ್ವಿಲ್‌ನಲ್ಲಿ ಅವರು ಕೊನೆಯುಸಿರೆಳೆದರು. ಮೋಗರ್‌ಫೂಗರ್ ಪೆಟ್ಟಿಗೆಗಳ ತಯಾರಿಕೆ ಇನ್ನೂ 13 ವರ್ಷ ಮುಂದುವರಿದು 2018ರಲ್ಲಿ ನಿಂತಿತು. 2022ರಲ್ಲಿ ಅವು ಕಂಪ್ಯೂಟರ್ ತಂತ್ರಾಂಶದ ರೂಪದಲ್ಲಿ ಮತ್ತೆ ಬಂದವು.