ಬೆನ್ನ ಮೇಲೆ ಹೊತ್ತು ತಂದರು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನೋಟ್ಸಿನಲ್ಲಿ ಸಾವಿತ್ರಿಬಾಯಿ ಫುಲೆ ಎಂದರೆ ಒಂದೇ ಸಾಲು: 1848, ಪುಣೆ, ಹೆಣ್ಣುಮಕ್ಕಳ ಶಾಲೆ. ನಾನೂ ಅಷ್ಟನ್ನೇ ಬಾಯಿಪಾಠ ಮಾಡಿದ್ದೆ. ಅವರ ಕೊನೆಯ ದಿನಗಳ ಬಗ್ಗೆ ಓದಿದ್ದು ಈಚೆಗೆ.

1831ರ ಜನವರಿ 3ರಂದು ಸತಾರಾ ಜಿಲ್ಲೆಯ ನಾಯಗಾಂವ್‌ನಲ್ಲಿ ಹುಟ್ಟಿದ ಅವರಿಗೆ ಮದುವೆಯಾದಾಗ ಓದು ಬರಹ ಬರುತ್ತಿರಲಿಲ್ಲ. ಪತಿ ಜ್ಯೋತಿಬಾ ಕಲಿಸಿದರು. ಶಿಕ್ಷಕಿಯಾಗಿ ಶಾಲೆಗೆ ಹೋಗುವಾಗ ಜನ ಸಗಣಿ ಎರಚಿದ್ದು ಎಲ್ಲರಿಗೂ ಗೊತ್ತು. 1890ರಲ್ಲಿ ಪತಿ ತೀರಿಕೊಂಡ ಮೇಲೂ ಸತ್ಯಶೋಧಕ ಸಮಾಜದ ಕೆಲಸ ಬಿಡಲಿಲ್ಲ.

1896ರಲ್ಲಿ ಮುಂಬೈಗೆ ಬಂದ ಪ್ಲೇಗ್ ಪುಣೆಗೂ ಹಬ್ಬಿತು. ಆಸ್ಪತ್ರೆಗೆ ಹೋದವರು ವಾಪಸು ಬರುವುದಿಲ್ಲವೆಂಬ ಭಯದಿಂದ ರೋಗಿಗಳನ್ನು ಮನೆಯಲ್ಲೇ ಬಚ್ಚಿಡುವವರಿದ್ದರು. ಸಾವಿತ್ರಿಬಾಯಿ, ವೈದ್ಯನಾಗಿದ್ದ ದತ್ತುಮಗ ಯಶವಂತನನ್ನು ಕರೆಸಿಕೊಂಡರು. ಪುಣೆಯ ಹೊರಗೆ, ಹಡಪ್ಸರ್ ಬಳಿ ಚಿಕಿತ್ಸಾಲಯ ಶುರುವಾಯಿತು. ಮಗ ಚಿಕಿತ್ಸೆ ಕೊಡುವುದು, ತಾಯಿ ರೋಗಿಗಳನ್ನು ಹುಡುಕಿ ಕರೆತರುವುದು. ಆಗ ಅವರಿಗೆ 66 ವರ್ಷ!

ಮುಂಢ್ವಾದ ದಲಿತ ಕೇರಿಯಲ್ಲಿ ಒಬ್ಬ ಬಾಲಕನಿಗೆ ಪ್ಲೇಗ್ ಬಂದಿರುವುದು ತಿಳಿಯಿತು. ಸಾವಿತ್ರಿಬಾಯಿ ಅಲ್ಲಿಗೆ ಹೋಗಿ, ಅವನನ್ನು ಬೆನ್ನ ಮೇಲೆ ಹೊತ್ತು ಚಿಕಿತ್ಸಾಲಯಕ್ಕೆ ತಂದರು. ಇದನ್ನು ಓದಿದಾಗ ನನಗೆ ಕೋವಿಡ್ ಕಾಲ ನೆನಪಾಯಿತು. ಸೋಂಕು ತಗುಲಿದ್ದ ಪಕ್ಕದ ಮನೆಯವರಿಗೆ ಅಮ್ಮ ಊಟ ಕಳಿಸುತ್ತಿದ್ದರು. ನಾನು ಡಬ್ಬಿಯನ್ನು ಗೇಟಿನ ಹೊರಗಿಟ್ಟು, ಬೆಲ್ ಒತ್ತಿ ಓಡಿಬರುತ್ತಿದ್ದೆ. ಅಂತರ ಕಾಯ್ದುಕೊಳ್ಳುವುದು ನಿಯಮವೇ ಆಗಿತ್ತು, ನಿಜ. ಆದರೆ ಓಡುತ್ತಿದ್ದದ್ದು ನಿಯಮಕ್ಕಾಗಿ ಅಲ್ಲ, ಹೆದರಿಕೆಗೆ.

ಬಾಲಕನಿಂದ ಸೋಂಕು ಸಾವಿತ್ರಿಬಾಯಿಗೂ ತಗುಲಿತು. 1897ರ ಮಾರ್ಚ್ 10ರಂದು ಅವರು ತೀರಿಕೊಂಡರು. ನನ್ನ ನೋಟ್ಸಿನಲ್ಲಿ ಈಗ ಎರಡು ಇಸವಿಗಳಿವೆ.