ಸಾಲ ಮಾಡಿ ಕನಸು ಕಟ್ಟಿದ ದೊರೆ ಲುಡ್ವಿಗ್

ದಕ್ಷಿಣ ಜರ್ಮನಿಯ ಬವೇರಿಯಾದಲ್ಲಿ, ಆಲ್ಪ್ಸ್ ತಪ್ಪಲಿನ ಕಡಿದಾದ ಬಂಡೆಯೊಂದರ ಮೇಲೆ ನಾಯ್‌ಶ್ವಾನ್‌ಸ್ಟೈನ್ ಅರಮನೆ ನಿಂತಿದೆ. ಚಂದಮಾಮದ ಪುಟದಿಂದ ಎದ್ದು ಬಂದಂತಿರುವ ಅದರ ಗೋಪುರಗಳನ್ನು ಕಾಣಲು ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಪ್ರವಾಸಿಗರು ಬರುತ್ತಾರೆ. ಕಟ್ಟಿಸಿದ ದೊರೆ ಎರಡನೇ ಲುಡ್ವಿಗ್‌ಗೆ ಬೇಕಿದ್ದುದು ಮಾತ್ರ ಏಕಾಂತ.

1845ರ ಆಗಸ್ಟ್ 25ರಂದು ಮ್ಯೂನಿಕ್‌ನಲ್ಲಿ ಜನಿಸಿದ ಲುಡ್ವಿಗ್‌ನ ಬಾಲ್ಯದ ಬಹುಪಾಲು ಕಳೆದದ್ದು ಹೋಹೆನ್‌ಶ್ವಾಂಗೌ ಅರಮನೆಯಲ್ಲಿ. ಸುತ್ತ ಪರ್ವತ, ಕೆಳಗೆ ಸರೋವರ, ಗೋಡೆಗಳ ತುಂಬ ಹಂಸವೀರನ ಕಥಾಚಿತ್ರಗಳು! 1864ರಲ್ಲಿ, 18ನೇ ವಯಸ್ಸಿನಲ್ಲಿ ಪಟ್ಟವೇರಿದವನು ಸಾಲದಲ್ಲಿ ಮುಳುಗಿದ್ದ ಸಂಗೀತಗಾರ ರಿಚರ್ಡ್ ವಾಗ್ನರ್‌ನನ್ನು ಕರೆಸಿ ಆಶ್ರಯ ನೀಡಿದ. ಮಂತ್ರಿಗಳಿಗೆ ಇದು ಹಿಡಿಸಲಿಲ್ಲ. ಮರುವರ್ಷವೇ ವಾಗ್ನರ್ ಮ್ಯೂನಿಕ್ ತೊರೆಯಬೇಕಾಯಿತು. 1866ರ ಯುದ್ಧದಲ್ಲಿ ಪ್ರಶ್ಯದೆದುರು ಸೋಲು, 1867ರಲ್ಲಿ ಮುರಿದ ನಿಶ್ಚಿತಾರ್ಥ. 1871ರಲ್ಲಿ ಬವೇರಿಯಾ ಜರ್ಮನ್ ಸಾಮ್ರಾಜ್ಯಕ್ಕೆ ಸೇರಿದಾಗ ಕಿರೀಟ ಉಳಿಯಿತು, ಅಧಿಕಾರ ಸೊರಗಿತು.

ದೊರೆಯ ಮನಸ್ಸು ಆಗಲೇ ಕಟ್ಟಡಗಳತ್ತ ಹೊರಳಿತ್ತು. 1869ರಲ್ಲಿ ಶಂಕುಸ್ಥಾಪನೆಯಾದ ನಾಯ್‌ಶ್ವಾನ್‌ಸ್ಟೈನ್‌ನ ಕಲ್ಪನಾಚಿತ್ರ ಬರೆದವನು ರಂಗಭೂಮಿಯ ಪರದೆ ಬಿಡಿಸುತ್ತಿದ್ದ ಕ್ರಿಸ್ಟಿಯನ್ ಯಾಂಕ್. ಹೊರನೋಟಕ್ಕೆ ಮಧ್ಯಯುಗದ ಕೋಟೆ. ಒಳಗೆ ಬಿಸಿಗಾಳಿಯ ವ್ಯವಸ್ಥೆ, ನಲ್ಲಿನೀರು, ದೂರವಾಣಿ ಕೂಡ. ಕೀಮ್‌ಸೀ ಸರೋವರದ ದ್ವೀಪದಲ್ಲಿ 1878ರಿಂದ ವರ್ಸೇಲ್ಸ್ ಮಾದರಿಯ ಮತ್ತೊಂದು ಅರಮನೆ ಏಳತೊಡಗಿತು. ಮೂರು ದೊಡ್ಡ ಅರಮನೆಗಳ ಪೈಕಿ ದೊರೆಯ ಜೀವಿತಕಾಲದಲ್ಲಿ ಪೂರ್ಣಗೊಂಡದ್ದು ಲಿಂಡರ್‌ಹೋಫ್ ಒಂದೇ. ಹಗಲು ನಿದ್ರಿಸಿ, ಹಿಮದ ಇರುಳುಗಳಲ್ಲಿ ಜಾರುಬಂಡಿಯೇರಿ ಪರ್ವತದ ಹಾದಿಗಳಲ್ಲಿ ಸಂಚರಿಸುವುದು ಅವನ ರೂಢಿಯಾಯಿತು.

ರಾಜ್ಯದ ಬೊಕ್ಕಸವನ್ನೇ ಬರಿದು ಮಾಡಿದನೆಂಬ ಮಾತು ಸರಿಯಲ್ಲ. ತನ್ನ ರಾಜವೇತನ ಹಾಗೂ ಸಾಲದಿಂದಲೇ ಅವನು ಕಟ್ಟಿಸಿದ. ಆದರೆ 1886ರ ವೇಳೆಗೆ ಸಾಲ ಒಂದು ಕೋಟಿ 40 ಲಕ್ಷ ಮಾರ್ಕ್ ತಲುಪಿತ್ತು. ಮಂತ್ರಿಗಳು ವೈದ್ಯರ ಮೊರೆಹೊಕ್ಕರು. ಮನೋವೈದ್ಯ ಗುಡ್ಡೆನ್ ಮತ್ತು ಮೂವರು ಸಹವೈದ್ಯರು ದೊರೆಯನ್ನು ತಪಾಸಣೆಯನ್ನೇ ಮಾಡದೆ ಬುದ್ಧಿಭ್ರಮಣೆಯೆಂದು ಬರೆದುಕೊಟ್ಟರು. ವೈದ್ಯಶಾಸ್ತ್ರಕ್ಕಿಂತ ರಾಜಕಾರಣವೇ ಇಲ್ಲಿ ಮೇಲುಗೈ ಪಡೆದಂತೆ ಕಾಣುತ್ತದೆ.

ಜೂನ್ 12ರಂದು ಲುಡ್ವಿಗ್‌ನನ್ನು ಸ್ಟಾರ್ನ್‌ಬರ್ಗ್ ಸರೋವರದ ದಡದ ಬೆರ್ಗ್ ಅರಮನೆಗೆ ಒಯ್ದರು. ಮರುದಿನ ಸಂಜೆ ಗುಡ್ಡೆನ್ ಜತೆ ವಾಯುವಿಹಾರಕ್ಕೆ ಹೊರಟವನು ಮರಳಲಿಲ್ಲ. ರಾತ್ರಿ ಇಬ್ಬರ ಶವಗಳೂ ಆಳವಿಲ್ಲದ ನೀರಿನಲ್ಲಿ ಸಿಕ್ಕವು. ಆತ್ಮಹತ್ಯೆಯೋ, ಕೊಲೆಯೋ, ತಪ್ಪಿಸಿಕೊಳ್ಳುವ ಯತ್ನವೋ, ಚರ್ಚೆ ಇನ್ನೂ ಮುಗಿದಿಲ್ಲ. ದೊರೆಗೆ ಆಗ 40 ವರ್ಷ.

ಏಳೇ ವಾರಗಳಲ್ಲಿ, 1886ರ ಆಗಸ್ಟ್ 1ರಂದು, ಅಪೂರ್ಣವಾಗಿದ್ದ ನಾಯ್‌ಶ್ವಾನ್‌ಸ್ಟೈನ್ ಸಾರ್ವಜನಿಕರಿಗೆ ತೆರೆಯಿತು. ಪ್ರವೇಶ ಶುಲ್ಕದ ಹಣ ಸಾಲ ತೀರಿಸಲು ನೆರವಾಯಿತು. 2025ರ ಜುಲೈನಲ್ಲಿ ಲುಡ್ವಿಗ್‌ನ ಮೂರೂ ಅರಮನೆಗಳು, ಶಾಹೆನ್ ಬೆಟ್ಟದ ಮರದ ಮನೆಯೊಡನೆ, ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿದವು.